ಮೂರು ಗಂಟೆಗೆ ಗುನುಗುವ ಕವೆ

“ಮುಟ್ಟಬೇಡಿ!”

ಅತ್ತೆಯಮ್ಮ ಕೂಗಿದ ರಭಸಕ್ಕೆ ಇನ್ಸ್‌ಪೆಕ್ಟರಮ್ಮನ ಕೈ ಗಾಳಿಯಲ್ಲೇ ನಿಂತಿತು. ಕೈಯಲ್ಲಿ ಪೆನ್ನಿತ್ತು. ಅದರ ತುದಿಯಿಂದ ಮೇಜಿನ ಮೇಲಿದ್ದ ಶ್ರುತಿಕವೆಗೆ, ಅದೇ ಎರಡು ತೋಳಿನ ಉಕ್ಕಿನ ಟ್ಯೂನಿಂಗ್ ಫೋರ್ಕಿಗೆ, ಒಂದು ಏಟು ಕೊಟ್ಟು ನೋಡೋಣ ಎಂದು ಹೊರಟಿದ್ದಳು.

“ಲೋಹಕ್ಕೆ ಲೋಹ ತಾಗಿಸಬಾರದಮ್ಮ. ಇದರ ಶ್ರುತಿ ಕೆಡುತ್ತೆ. ಮಂಡಿಗೆ ತಟ್ಟಬೇಕು. ಹೀಗೆ.”

ಬಲಗೈಯಲ್ಲಿದ್ದ ದೂಳು ಒರೆಸುವ ಬಟ್ಟೆಯನ್ನು ಬಿಡದೆ, ಅತ್ತೆಯಮ್ಮ ಎಡಗೈಯಿಂದಲೇ ಕವೆಯನ್ನು ಅದರ ಮರದ ಪೆಟ್ಟಿಗೆಯಿಂದ ಕಿತ್ತು, ಮಂಡಿಗೆ ಒಮ್ಮೆ ತಟ್ಟಿ, ಮತ್ತೆ ಪೆಟ್ಟಿಗೆಯ ತೂತಿಗೆ ಊರಿದಳು. ಕೋಣೆಯ ತುಂಬ ಒಂದು ನಾದ ಎದ್ದಿತು. ದೊಡ್ಡದಲ್ಲ, ಆದರೆ ಹಲ್ಲಿನ ಬೇರಿನವರೆಗೂ ಇಳಿಯುವಂಥದ್ದು. ಎರಡು ಬೆರಳಿನಲ್ಲಿ ತೋಳುಗಳನ್ನು ಹಿಡಿದಳು. ನಾದ ಸತ್ತಿತು.

“ಈಗ ಸುಮ್ಮನೆ ಕೂತ್ಕೊಳ್ಳಿ. ಮೂರು ಹೊಡೀಲಿ. ಯಾರೂ ಮುಟ್ಟದೆ ಅದೇ ಹಾಡುತ್ತೆ.”

“ದೆವ್ವದ ಕಥೆ ಕೇಳೋಕೆ ನನಗೆ ಪುರುಸೊತ್ತಿಲ್ಲ ಅತ್ತೆಯಮ್ಮ. ಕಸ್ಟಡಿಯ ಗಡುವು ಮುಗೀತು, ಐದಕ್ಕೆ ನಿಮ್ಮ ಅಳಿಯನನ್ನ ಕೋರ್ಟಿಗೆ ಕರೆದೊಯ್ಯೋ ವ್ಯಾನ್ ಬರುತ್ತೆ.”

“ಗೊತ್ತು. ಅದಕ್ಕೇ ಇವತ್ತು ನಾನೇ ಅವನಿಗೆ ಕ್ಯಾರಿಯರಲ್ಲಿ ಊಟ ಕಟ್ಟಿ ನಿಮ್ಮ ಹವಾಲ್ದಾರರ ಕೈಲಿ ಕಳಿಸಿದೆ. ಅವನ ಹೆಂಡತಿ, ನಮ್ಮಣ್ಣನ ಮಗಳು, ವಕೀಲರ ಮನೆಗೆ ಹೋಗಿದಾಳೆ, ಐದರ ತನಕ ಬರಲ್ಲ.”

ಆ ಕ್ಯಾರಿಯರನ್ನು ಇನ್ಸ್‌ಪೆಕ್ಟರಮ್ಮ ಸ್ವತಃ ಬಿಚ್ಚಿ ನೋಡಿದ್ದಳು. ಒಳಗಿದ್ದ ಮುಳ್ಳುಚಮಚವನ್ನು ತೆಗೆದು ಬದಿಗಿಟ್ಟಿದ್ದಳು. ಲಾಕಪ್ಪಿಗೆ ಚೂಪಾದದ್ದು ಏನೂ ಹೋಗುವಂತಿಲ್ಲ, ಅದು ನಿಯಮ.

ಎಂಟು ದಿನದ ಹಿಂದೆ ಈ ಮನೆಯ ಯಜಮಾನರು, ಅಂದರೆ ಅತ್ತೆಯಮ್ಮನ ಅಣ್ಣ, ಪಕ್ಕದ ಕಾರ್ಖಾನೆಯಲ್ಲಿ ತಲೆಯೊಡೆದು ಬಿದ್ದಿದ್ದರು. ಊರೂರಿನ ಕಿವಿ ಡಾಕ್ಟರುಗಳಿಗೆ, ಸಂಗೀತದ ಮೇಷ್ಟ್ರುಗಳಿಗೆ ಶ್ರುತಿಕವೆ ಮಾಡಿಕೊಡುವ ಮನೆ ಅದು. ಹೆಣ ಕೊಯ್ದ ಡಾಕ್ಟರು ಒಂದು ಕಾಗದದ ಮೇಲೆ ಎರಡು ಚುಕ್ಕೆ ಇಟ್ಟುಕೊಟ್ಟಿದ್ದರು. ತಲೆಬುರುಡೆಯಲ್ಲಿ ಅಕ್ಕಪಕ್ಕ ಎರಡು ಗುಳಿ, ನಡುವೆ ಒಂದು ಬೆರಳಗಲ ಜಾಗ.

ಆ ಕಾಗದ ಹಿಡಿದು ಇನ್ಸ್‌ಪೆಕ್ಟರಮ್ಮ ಎಂಟು ದಿನ ಕವಲಿರುವುದನ್ನೆಲ್ಲ ಅಳೆದಿದ್ದಳು. ಅಡುಗೆಮನೆಯ ಮುಳ್ಳುಚಮಚಕ್ಕೆ ನಾಲ್ಕು ಮುಳ್ಳು. ತೋಟದ ಹುಲ್ಲು ಎತ್ತುವ ಕವೆಗೋಲಿಗೆ ಮೂರು. ಅಳಿಯ ಸರಕು ಹಾಕಿಕೊಂಡು ತಿರುಗುವ ಸೈಕಲ್ಲಿನ ಮುಂದಿನ ಫೋರ್ಕಿಗೆ ಎರಡು ಕಾಲೇನೋ ಇವೆ, ನಡುವೆ ಚಕ್ರ ಹೋಗುವಷ್ಟು ಸಂದಿ. ಬಟ್ಟೆ ಒಣಹಾಕುವ ಹಗ್ಗಕ್ಕೆ ಆನಿಸಿದ ಕವೆಯನ್ನೂ ಬಿಟ್ಟಿರಲಿಲ್ಲ. ಒಂದೂ ಹೊಂದಲಿಲ್ಲ. ಕಾರ್ಖಾನೆಯಲ್ಲಿದ್ದ ನೂರಾರು ಶ್ರುತಿಕವೆಗಳು ಕಡ್ಡಿಯಂಥವು, ಅವುಗಳಿಂದ ನೊಣ ಸಾಯಬಹುದು.

ಹೊಂದಲಿಲ್ಲ ಎಂದು ಸುಮ್ಮನಿರುವ ಜಾತಿಯವಳಲ್ಲ ಅವಳು. ಠಾಣೆಯಲ್ಲಿ ಅವಳ ಬೆನ್ನ ಹಿಂದಿನ ಹೆಸರೇ ಸಿಡಿಗುಂಡು. ಅಳಿಯನ ತೋಳಿನ ಮೇಲೆ ರಕ್ತ ಕಂಡಿತು, ಅಂದು ಬೆಳಿಗ್ಗೆ ಬೇರೆ ಮನೆ ಮಾಡುತ್ತೇನೆಂದು ಅವನು ಮಾವನ ಜತೆ ಜಗಳವಾಡಿದ್ದನ್ನು ಅತ್ತೆಯಮ್ಮ ಕೇಳಿದ್ದಳು. ಸಾಕಾಯಿತು, ಒಳಗೆ ಹಾಕಿದಳು. ಆಮೇಲೆ ಗೊತ್ತಾಯಿತು, ರಕ್ತ ಹತ್ತಿದ್ದು ಮಾವನನ್ನು ಎತ್ತಿ ತೊಡೆಯ ಮೇಲೆ ಮಲಗಿಸಿಕೊಂಡಾಗ ಎಂದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತೇ ಎಂಬ ಅನುಮಾನ ಮೂರು ದಿನದಿಂದ ಅವಳ ಊಟ ಕೆಡಿಸಿತ್ತು. ವ್ಯಾನು ಒಮ್ಮೆ ಹೊರಟರೆ ಆ ಹುಡುಗನನ್ನು ಯಾರೂ ಬಿಡಿಸಲಾರರು. ಹಗ್ಗ ಅವನ ಕುತ್ತಿಗೆಗೆ, ಗಂಟು ಇವಳ ಕೈಯದ್ದು.

ಕಿಟಕಿಯಾಚೆ ರಸ್ತೆ ಎರಡಾಗಿ ಕವಲೊಡೆಯುವ ಕಡೆ ಒಂದು ನರಪಿಳ್ಳೆಯೂ ಇರಲಿಲ್ಲ. ಬಿಸಿಲು ಸುಣ್ಣದ ಹಾಗೆ ಬಿದ್ದಿತ್ತು. ಮೂಲೆಯಲ್ಲಿ ಏನೋ ಸರಕ್ಕೆಂದಿತು.

“ಇಲಿಯಾ?”

“ಇಲಿ ಎಲ್ಲಿದೆ ಈಗ? ಪಾಷಾಣ ಇಟ್ಟು ಎಲ್ಲವನ್ನೂ ಮಲಗಿಸಿಬಿಟ್ಟೆ” ಎಂದಳು ಅತ್ತೆಯಮ್ಮ. “ಮರದ ನೆಲ, ಬಿಸಿಲಿಗೆ ಸದ್ದು ಮಾಡುತ್ತೆ.”

ಕೆಳಗೆ ಗಡಿಯಾರ ಮೂರು ಹೊಡೆಯಿತು.

ಮೊದಲು ಏನೂ ಇಲ್ಲ. ಆಮೇಲೆ, ಯಾರೋ ಬಾಯಿ ಮುಚ್ಚಿಕೊಂಡು ನರಳಿದಂತೆ, ಮೇಜಿನ ಮೇಲಿನ ಕವೆ ಗುನುಗತೊಡಗಿತು.

ಅದರ ಹತ್ತಿರ ಯಾರ ಕೈಯೂ ಇರಲಿಲ್ಲ. ಅತ್ತೆಯಮ್ಮನ ಎರಡೂ ಕೈ ತೊಡೆಯ ಮೇಲಿದ್ದವು. ಕವೆಯ ತೋಳುಗಳ ಅಂಚು ಮಸುಕಾಗಿತ್ತು, ಅಷ್ಟು ಸಣ್ಣಗೆ ನಡುಗುತ್ತಿದ್ದವು. ಪಕ್ಕದಲ್ಲೇ ಮಡಚಿಟ್ಟಿದ್ದ ಸತ್ತವನ ಕನ್ನಡಕದ ಗಾಜೂ ಅದರ ಜೊತೆ ಸೇರಿ ಝಿರ್ರೆಂದಿತು. ಇನ್ಸ್‌ಪೆಕ್ಟರಮ್ಮನ ಮೈಮೇಲಿನ ಕೂದಲೆಲ್ಲ ನೆಟ್ಟಗಾಯಿತು.

“ನಮ್ಮಣ್ಣ ಹೋಗಿಲ್ಲಮ್ಮ” ಎಂದಳು ಅತ್ತೆಯಮ್ಮ ಮೆಲ್ಲಗೆ. “ದಿನಾ ಬರ್ತಾನೆ. ಮೊದಲನೇ ದಿನ ಬಹಳ ಸಣ್ಣಗಿತ್ತು, ಇದೆಯೋ ಇಲ್ಲವೋ ಅನ್ನೋ ಹಾಗೆ. ದಿನದಿಂದ ದಿನಕ್ಕೆ ಜೋರಾಯ್ತು. ಇವತ್ತು ನೋಡಿ, ಜೇನುಗೂಡಿನ ಹಾಗಿದೆ.”

ಭಯವಾದಾಗ ಇನ್ಸ್‌ಪೆಕ್ಟರಮ್ಮನಿಗೆ ಸಿಟ್ಟು ಬರುತ್ತದೆ. ಸಿಟ್ಟು ಬಂದಾಗ ತಲೆ ಓಡುತ್ತದೆ. ಅದು ಅವಳ ಪುಣ್ಯ.

“ದೆವ್ವಕ್ಕೇನು ಅಭ್ಯಾಸ ಬೇಕಾ, ದಿನದಿಂದ ದಿನಕ್ಕೆ ಚೆನ್ನಾಗಿ ಹಾಡೋಕೆ?” ಎಂದವಳೇ ಎದ್ದಳು. “ಇದು ತಾನಾಗಿ ಯಾವಾಗ ಹಾಡುತ್ತೆ?”

“ಇದರ ಜೋಡಿ ಹತ್ತಿರದಲ್ಲೆಲ್ಲಾದರೂ ಹಾಡಿದಾಗ. ಇದಕ್ಕೊಂದು ಜೋಡಿ ಇತ್ತು. ತಾಯಿಕವೆ ಅಂತೀವಿ. ಕಾರ್ಖಾನೆಯ ಎಲ್ಲಾ ಕವೆಗಳಿಗೂ ಅವಳೇ ಶ್ರುತಿ ಕೊಡೋಳು. ಮೊಳಕೈ ಉದ್ದ, ಎತ್ತೋಕೆ ಕೈ ಗಟ್ಟಿ ಇರಬೇಕು. ಎರಡರ ಶ್ರುತಿ ಕೂದಲೆಳೆಯಷ್ಟೂ ತಪ್ಪದೆ ಒಂದೇ ಇದ್ದರೆ ಅವಳು ಅತ್ತರೆ ಇವಳೂ ಅಳ್ತಾಳೆ.”

“ಅವಳೆಲ್ಲಿ ಈಗ?”

“ಅಣ್ಣ ಹೋದ ದಿನದಿಂದ ಕಾಣ್ತಿಲ್ಲ.”

“ಎಂಟು ದಿನದಿಂದ ಇದನ್ನ ಹೇಳೋಕೆ ಬಾಯಿಗೆ ಬೀಗ ಬಿದ್ದಿತ್ತಾ?”

“ನೀವು ಕೇಳಲಿಲ್ಲವಲ್ಲ.”

ಇನ್ಸ್‌ಪೆಕ್ಟರಮ್ಮ ಹಲ್ಲು ಕಚ್ಚಿದಳು. ಕೋಣೆಯ ಮೂಲೆಯಲ್ಲಿ ನೆಲವನ್ನು ಸೀಳಿಕೊಂಡು ಮೇಲೆ ಬಂದಿದ್ದ ದಪ್ಪ ಮರದ ಕಂಬದ ಮೇಲೆ ಅಂಗೈ ಇಟ್ಟಳು. ಕಂಬ ಸಣ್ಣಗೆ ಕಂಪಿಸುತ್ತಿತ್ತು, ಜ್ವರ ಬಂದವರ ಮೈಯ ಹಾಗೆ.

“ಇದರ ಬುಡ ಎಲ್ಲಿದೆ?”

“ಕೆಳಗೆ, ಪೆಟ್ಟಿಗೆ ಮಾಡೋ ಉಗ್ರಾಣದಲ್ಲಿ. ಬೀಗದ ಕೈ ಅರದಣ್ಣನ ಹತ್ತಿರ. ನನಗೂ ಕೊಡಲ್ಲ ಅವನು.”

“ನೀವು ಇಲ್ಲೇ ಇರಿ” ಎಂದು ಇನ್ಸ್‌ಪೆಕ್ಟರಮ್ಮ ಮೆಟ್ಟಿಲಿಳಿದಳು.

*

ಅರದಣ್ಣ ಯಜಮಾನರ ಹತ್ತಿರ ನಲವತ್ತು ವರ್ಷ ಉಕ್ಕು ಉಜ್ಜುವ ಅರ ಹಿಡಿದವನು. ಅವನ ಹೆಬ್ಬೆರಳು ಸವೆದು ಚಪ್ಪಟೆಯಾಗಿತ್ತು. ಬಾಗಿಲು ಒದ್ದುಕೊಂಡು ಅವಳು ಒಳಗೆ ಬಂದಾಗ ಅವನು ಕಂಬಕ್ಕೆ ಭುಜ ಕೊಟ್ಟು, ಮೊಳಕೈ ಉದ್ದದ ಉಕ್ಕಿನ ಕವೆಯೊಂದರ ಹಿಡಿಯನ್ನು ಕಂಬಕ್ಕೆ ಒತ್ತಿ, ಕಣ್ಣು ಮುಚ್ಚಿಕೊಂಡಿದ್ದ. ಮಗುವನ್ನು ಎದೆಗವಚಿಕೊಂಡವನ ಹಾಗೆ.

“ಯಾರೋ ಅದು!” ಎಂದು ಕೂಗಿದಳು ಇನ್ಸ್‌ಪೆಕ್ಟರಮ್ಮ.

ಗೋಡೆ ಉತ್ತರ ಕೊಟ್ಟಿತು. ಗೋಡೆಯ ತುಂಬ ದಾರದಲ್ಲಿ ನೇತುಹಾಕಿದ್ದ ನೂರಾರು ಸಣ್ಣ ಕವೆಗಳಲ್ಲಿ ಕೆಲವು ಅವಳ ದನಿಗೆ ಎಚ್ಚೆತ್ತು, ಅವಳ ದನಿಯನ್ನೇ ಸಣ್ಣಗೆ ಹಿಂದಕ್ಕೆ ಕೊಟ್ಟವು. ಅವಳು ಬಾಯಿ ಮುಚ್ಚಿದ ಮೇಲೂ ಎರಡು ಉಸಿರಿನಷ್ಟು ಹೊತ್ತು ಆ ಸದ್ದು ಉಳಿಯಿತು.

ಅರದಣ್ಣ ಕಣ್ಣು ಬಿಟ್ಟ. ಓಡಲಿಲ್ಲ. “ಮೆತ್ತಗೆ ಮಾತಾಡಿ ಮೇಡಂ. ಇಲ್ಲಿ ಕೂಗಬಾರದು.”

“ಕೊಡು ಇಲ್ಲಿ.”

“ಕೊಡ್ತೀನಿ. ಹಿಡಿ ಹಿಡ್ಕೊಳ್ಳಿ, ತೋಳು ಮುಟ್ಟಬೇಡಿ. ಕೈಯ ಬಿಸಿಗೇ ಶ್ರುತಿ ಇಳಿಯುತ್ತೆ.”

“ನಿನ್ನ ಶ್ರುತಿಗೆ ಬೆಂಕಿ ಹಾಕ!” ಅವಳು ತಾಯಿಕವೆಯನ್ನು ಕಸಿದುಕೊಂಡು, ಡಾಕ್ಟರ ಕಾಗದ ಬಿಚ್ಚಿ, ತೋಳುಗಳ ತುದಿಯನ್ನು ಎರಡು ಚುಕ್ಕೆಗಳ ಮೇಲಿಟ್ಟಳು.

ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಇಬ್ಬರೂ ಆ ಕಾಗದವನ್ನೇ ನೋಡುತ್ತ ನಿಂತರು. ಇನ್ಸ್‌ಪೆಕ್ಟರಮ್ಮ ಕವೆಯನ್ನು ಅರದಣ್ಣನ ಮುಖಕ್ಕೆ ಹಿಡಿದಳು.

“ಎಲ್ಲಿ ಸಿಕ್ತು?”

“ಉಕ್ಕು ಕಾಯಿಸಿ ಅದ್ದೋ ನೀರಿನ ತೊಟ್ಟೀಲಿ. ಅವತ್ತು ನಿಮ್ಮವರು ಬರೋ ಮುಂಚೆ. ತಾಯೀನ ನೀರಲ್ಲಿ ಹಾಕೋರುಂಟಾ ಮೇಡಂ? ತುಕ್ಕು ಹಿಡಿಯಲ್ವಾ? ಎತ್ತಿ, ಒರೆಸಿ, ಎಣ್ಣೆ ಹಚ್ಚಿದೆ.”

“ರಕ್ತ?”

“ಇತ್ತು.”

“ಒರೆಸಿಬಿಟ್ಟೆ.”

“ಒರೆಸಿದೆ.”

“ಆಮೇಲೆ ಕೂತ್ಕೊಂಡು ಅರ ಹಾಕಿದೆ.”

“ಏಟು ಬಿದ್ದು ಅವಳ ಶ್ರುತಿ ತಪ್ಪಿತ್ತು ಮೇಡಂ! ತಟ್ಟಿ ನೋಡಿದೆ, ಅವಳ ದನಿ ಅವಳದಾಗಿರಲಿಲ್ಲ. ಹೇಗೆ ಬಿಡಲಿ? ದಿನಾ ಮೂರು ಗಂಟೆಗೆ, ಅತ್ತೆಯಮ್ಮ ಮಲಗೋ ಹೊತ್ತಿಗೆ ಬಂದು, ಒಂದೆಳೆ, ಒಂದೆಳೆ ಅಂತ ಅರೆದೆ. ಕಂಬಕ್ಕೆ ಹಿಡಿದರೆ ಮೇಲಿರೋ ಜೋಡಿಗೆ ಕೇಳುತ್ತೆ. ಅವಳು ಪೂರ್ತಿ ಓಗೊಟ್ಟರೆ ಇವಳು ಸರಿಹೋದಳು ಅಂತ ಲೆಕ್ಕ. ಇವತ್ತು ಓಗೊಟ್ಟಳು.” ಆ ಹೊತ್ತಿನಲ್ಲೂ ಅವನ ಮುಖದಲ್ಲಿ ಒಂದು ಸಂತೋಷ ಇಣುಕಿ ಹೋಯಿತು.

ಇನ್ಸ್‌ಪೆಕ್ಟರಮ್ಮನಿಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಕೊಲೆಯ ಆಯುಧವನ್ನು ಹೂತವರನ್ನು ಕಂಡಿದ್ದಳು, ಕೆರೆಗೆ ಎಸೆದವರನ್ನು ಕಂಡಿದ್ದಳು. ಕೂತು ರಿಪೇರಿ ಮಾಡಿದವನನ್ನು ಕಂಡಿರಲಿಲ್ಲ.

“ಸಾಕ್ಷೀನ ಅರೆದು ನೆಲಕ್ಕೆ ಉದುರಿಸಿದೆಯಲ್ಲೋ ಮಹಾರಾಯ! ಹೊಡೆದದ್ದು ನೀನೇ ತಾನೆ?”

“ನಾನು ಅವರ ಮೇಲೆ ಕೈ ಎತ್ತೋದಾ? ಅವರ ಮಗಳು ನನ್ನ ಹೆಗಲ ಮೇಲೆ ಬೆಳೆದ ಕೂಸು. ಆ ಕೂಸಿನ ಗಂಡನೇ ಮಾಡಿದ ಅಂದ್ಕೊಂಡೆ. ತಾಯೀನ ನೀರಿಗೆ ಎಸೆಯೋನು ಕಸುಬು ಗೊತ್ತಿಲ್ಲದವನೇ ಅಲ್ಲವಾ? ಅಪ್ಪ ಅಂತೂ ಹೋದರು, ಗಂಡನೂ ಹೋದರೆ ಹುಡುಗಿ ಗತಿ ಏನು ಅಂತ ಬಾಯಿ ಹೊಲಿದುಕೊಂಡೆ.”

“ನೀನು ಬಾಯಿ ಹೊಲಿದುಕೊಂಡದ್ದಕ್ಕೇ ಅವನು ಒಳಗಿದಾನೆ. ಹಾವೂ ಸಾಯಲಿಲ್ಲ, ಕೋಲೂ ಮುರೀತು.”

ಅವಳು ಜೇಬಿನಿಂದ ಭೂತಗನ್ನಡಿ ತೆಗೆದು ಕವೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಎರಡು ತೋಳುಗಳು ಕೂಡುವ ಸಂದಿಯಲ್ಲಿ ಅರದ ಗೆರೆಗಳು ಹೊಳೆಯುತ್ತಿದ್ದವು. ಹೊಲದಲ್ಲಿ ನೇಗಿಲು ಎಳೆದ ಸಾಲಿನ ಹಾಗೆ ಎಲ್ಲವೂ ಒಂದೇ ಕಡೆಗೆ ವಾಲಿದ್ದವು.

ಎಲ್ಲವೂ ಅಲ್ಲ.

“ಇಲ್ಲಿ ನೋಡು. ಇವು ಆ ಕಡೆ ವಾಲಿವೆ. ನಿನ್ನ ಗೆರೆಗಳ ಕೆಳಗೆ. ಅರ್ಧ ಇವೆ, ಅರ್ಧ ನೀನು ಅಳಿಸಿದ್ದೀಯ.”

ಅರದಣ್ಣ ಬಗ್ಗಿ ನೋಡಿದ. ಬಣ್ಣಗೆಟ್ಟ. “ಇದು... ಇದು ನನ್ನ ಕೈಯಲ್ಲ ಮೇಡಂ.”

“ಹಳೇದಾ?”

“ಹೊಸದು. ಅಂಚು ಇನ್ನೂ ಕುಯ್ಯುತ್ತೆ. ನನಗಿಂತ ಮುಂಚೆ ಯಾರೋ ಅರ ಹಾಕಿದಾರೆ. ಏಟು ಬಿದ್ದ ಮೇಲೆ.”

ಕಪಾಟಿನ ಮೇಲಿನ ಕವೆಯೊಂದು, ಯಾವ ಕಾರಣಕ್ಕೋ, ಸಣ್ಣಗೆ ನಿಟ್ಟುಸಿರಿಟ್ಟಿತು. ಇನ್ಸ್‌ಪೆಕ್ಟರಮ್ಮ ತಿರುಗಿ ನೋಡಲಿಲ್ಲ.

ಯಜಮಾನರು ನೆಲದ ಮೇಲೆ ಬಿದ್ದಿದ್ದಾರೆ. ಬಿದ್ದವರ ಪಕ್ಕದಲ್ಲೇ ಕೂತು ಯಾರೋ ಕವೆಯನ್ನು ತಟ್ಟಿ ನೋಡಿದ್ದಾರೆ. ಶ್ರುತಿ ತಪ್ಪಿದೆ ಎಂದು ಅರ ತೆಗೆದುಕೊಂಡಿದ್ದಾರೆ. ಯಾರದೋ ಹೆಜ್ಜೆಯ ಸದ್ದಿಗೆ ತೊಟ್ಟಿಗೆ ಹಾಕಿ ಎದ್ದಿದ್ದಾರೆ. ಅಳಿಯನಿಗೆ ಅರದ ತಲೆ ಯಾವುದು ಬಾಲ ಯಾವುದು ಗೊತ್ತಿಲ್ಲ.

ಎಂಟು ದಿನದಿಂದ ತಾನು ಒಳಗಿಟ್ಟಿರುವುದು ನಿರಪರಾಧಿಯನ್ನು. ಅವಳ ಕಿವಿ ಬಿಸಿಯಾಯಿತು.

“ಹೀಗೆ ವಾಲೋ ಗೆರೆ ಯಾರದ್ದು?”

“ಎಡಗೈಯವರದ್ದು. ನಾನು ಬಲಗೈ. ಯಜಮಾನರೂ ಬಲಗೈ. ಈ ಕಾರ್ಖಾನೇಲಿ ಎಡಗೈ ಅರ ಹಿಡಿದವರನ್ನ ನಾನು ನೋಡೇ ಇಲ್ಲ.” ಅವನು ತಡೆದ. ಕವೆಯನ್ನು ತಿರುಗಿಸಿ, ಬೆನ್ನಿನ ಕಡೆ ಹೆಬ್ಬೆರಳಾಡಿಸಿದ. “ಆದರೆ ಇಂಥ ಗೆರೆ ನೋಡಿದೀನಿ. ಇಲ್ಲೇ, ಇವಳ ಬೆನ್ನಲ್ಲಿ. ನೋಡಿ, ಕಪ್ಪಾಗಿದೆ, ನಾನು ಕೆಲಸಕ್ಕೆ ಸೇರೋ ಮುಂಚಿನದ್ದು. ಮೇಲಿರೋ ಜೋಡಿಯ ಮೈಮೇಲೂ ಇದೆ. ಯಜಮಾನರು ತಾನೇ ಮಾಡಿದ್ದು ಅಂತಿದ್ದರು. ಇವಳಿಂದಲೇ ಅವರಿಗೆ ಹೆಸರು ಬಂದದ್ದು. ಒಂದ್ಸಲ ಕೇಳಿದೆ, ‘ಯಜಮಾನರೇ, ಇಲ್ಲಿ ಗೆರೆ ಉಲ್ಟಾ ಇದೆಯಲ್ಲ?’ ಅಂತ. ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ.”

“ಅಂದರೆ ಇವಳನ್ನ ಮಾಡಿದವರೇ...”

“...ಇವಳನ್ನ ಸರಿಮಾಡೋಕೆ ಕೂತಿದ್ದರು” ಎಂದ ಅರದಣ್ಣ. ಅವನ ದನಿ ಪಿಸುಮಾತಿಗಿಂತ ಕೆಳಗಿಳಿದಿತ್ತು.

ಅವನು ತಾಯಿಕವೆಯನ್ನು ಕಂಬಕ್ಕೆ ಆನಿಸಿಟ್ಟ.

ಇಟ್ಟ ಮರುಕ್ಷಣ ಅದು ಗುನುಗಿತು.

ಇಬ್ಬರೂ ಅದನ್ನು ತಟ್ಟಿರಲಿಲ್ಲ. ಮೇಲೆ ಯಾರೋ ಜೋಡಿಯನ್ನು ಮಂಡಿಗೆ ತಟ್ಟಿದ್ದರು.

ಮಂಡಿಗೆ. ಇನ್ಸ್‌ಪೆಕ್ಟರಮ್ಮನ ಕಣ್ಣ ಮುಂದೆ ಒಂದು ಕೈ ಬಂತು. ದೂಳಿನ ಬಟ್ಟೆ ಹಿಡಿದ ಕೈಯಲ್ಲ, ಇನ್ನೊಂದು. ಕವೆಯನ್ನು ಒಂದೇ ಸಲಕ್ಕೆ ಕಿತ್ತು, ತಟ್ಟಿ, ತೂತು ನೋಡದೆಯೇ ಮತ್ತೆ ಊರಿದ ಎಡಗೈ. ದೂಳು ಒರೆಸುವವಳ ಕೈಯಲ್ಲ ಅದು.

ತಲೆಯ ಮೇಲೆ ಹಲಗೆಯ ನೆಲ. ಕೆಳಗಿನ ಮಾತು ಪೂರ್ತಿ ಮೇಲೆ ಕೇಳಿಸಿದೆ.

ಗುನುಗು ನಿಂತಿತು. ಅದರ ಜಾಗದಲ್ಲಿ ಬೇರೊಂದು ಸದ್ದು ಶುರುವಾಯಿತು. ಕರಕ್. ಕರಕ್. ಕರಕ್.

“ಅರ” ಎಂದ ಅರದಣ್ಣ. ಅವನ ಕಣ್ಣಲ್ಲಿ ನೀರು ಬಂದಿತ್ತು. “ಹಳೇ ಗೆರೆ ಅಳಿಸ್ತಿದಾರೆ. ಜೋಡಿಯನ್ನ ಕೊಲ್ತಿದಾರೆ ಮೇಡಂ.”

*

ಮೇಲಿನ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು.

“ಅತ್ತೆಯಮ್ಮ! ತೆಗೀರಿ!”

ಕರಕ್. ಕರಕ್.

“ತಾಯಿಕವೆ ಎಲ್ಲಿದೆ ಅಂತ ನನ್ನ ಕೈಲೇ ಹುಡುಕಿಸಿದಿರಿ ಅಲ್ಲವಾ? ಅರದಣ್ಣ ನಿಮಗೆ ಬೀಗದ ಕೈ ಕೊಡಲಿಲ್ಲ ಅಂತ ಪೊಲೀಸರನ್ನ ಕರೆಸಿದಿರಿ!”

“ಸಿಡಿಗುಂಡಾದರೂ ಬುದ್ಧಿ ಇದೆ ನಿಮಗೆ” ಎಂದಿತು ಒಳಗಿನ ದನಿ. ಅದೇ ಮೆತ್ತನೆಯ, ಊಟಕ್ಕೆ ಕರೆಯುವಂಥ ದನಿ. “ಇನ್ನೊಂದು ನಾಲ್ಕು ಎಳೆ. ಆಮೇಲೆ ತೆಗೀತೀನಿ.”

“ವ್ಯಾನ್ ವಾಪಸ್ ಕಳಿಸ್ತೀನಿ. ನಿಮ್ಮ ಅಳಿಯನನ್ನ ಈಗಲೇ ಬಿಡ್ತೀನಿ. ತಿಳೀತಾ?”

“ವ್ಯಾನ್ ಬಂದರೂ ಅಷ್ಟೇ, ವಾಪಸ್ ಹೋದರೂ ಅಷ್ಟೇ.” ಕರಕ್. “ಅವನು ಹೊಟ್ಟೆ ತುಂಬ ಉಂಡು ಮಲಗ್ತಾನೆ. ತಪ್ಪು ಮಾಡಿದವನು ಲಾಕಪ್ಪಲ್ಲಿ ತಾನೇ ಏನೋ ನುಂಗಿದ ಅಂತ ನೀವೇ ಬರ್ಕೋಬೇಕು. ಪಾಪದ ಹುಡುಗ. ಹುಡುಗೀನ ಕರ್ಕೊಂಡು ಬೇರೆ ಮನೆ ಮಾಡ್ತೀನಿ ಅಂದ. ನನ್ನ ಕವೆಗೆ ಅಣ್ಣ ತನ್ನ ಹೆಸರು ಹಾಕ್ಕೊಂಡ, ಈಗ ನಾನು ಸಾಕಿದ ಕೂಸೂ ನನ್ನನ್ನ ಬಿಟ್ಟು ಹೋಗೋದಾ?”

ಮಲಗಿಸಿಬಿಟ್ಟೆ, ಎಂದಿದ್ದಳು. ಇಲಿಗಳನ್ನು.

ಮುಳ್ಳುಚಮಚವನ್ನು ಹುಷಾರಾಗಿ ತೆಗೆದಿಟ್ಟು, ಉಳಿದದ್ದನ್ನೆಲ್ಲ ತನ್ನ ಕೈಯಾರೆ ಮುಚ್ಚಳ ಹಾಕಿ ಕಳಿಸಿದ್ದಳು ಇನ್ಸ್‌ಪೆಕ್ಟರಮ್ಮ.

ಫೋನಿನ ಗುಂಡಿಗಳ ಮೇಲೆ ಅವಳ ಬೆರಳು ಎರಡು ಸಲ ತಪ್ಪಿತು. ಮೂರನೇ ಸಲ ಠಾಣೆಯಲ್ಲಿ ಹವಾಲ್ದಾರ ಎತ್ತಿದ. ಅವನ ಗಂಟಲು ಮೊದಲೇ ದೊಡ್ಡದು, ಮೆಟ್ಟಿಲ ಸಾಲಿಗೆಲ್ಲ ಕೇಳುವಷ್ಟು.

“ಕ್ಯಾರಿಯರ್ ಕೊಟ್ಟೆಯಾ?”

“ಕೊಟ್ಟೆ ಮೇಡಂ, ಆಗಲೇ.”

“ತಿಂದನಾ? ಬೇಗ ಹೇಳೋ!”

“ಇಲ್ಲ ಮೇಡಂ, ಅವನು ಮುಟ್ಟೇ ಇಲ್ಲ.” ಹವಾಲ್ದಾರ ನಕ್ಕ. “ಗಂಡ ಹೆಂಡಿರ ಪ್ರೀತಿ ನೋಡಬೇಕು ನೀವು. ವಕೀಲರು ಮನೇಲಿ ಇರಲಿಲ್ಲವಂತೆ, ಹುಡುಗಿ ನೇರ ಇಲ್ಲಿಗೇ ಬಂದಳು. ‘ಬೆಳಿಗ್ಗೆಯಿಂದ ನೀನೂ ಏನೂ ತಿಂದಿಲ್ಲ’ ಅಂತ ಕಂಬಿ ಸಂದಿಯಿಂದ ಅವನೇ ತುತ್ತು ಮಾಡಿ ಅವಳಿಗೆ...”

“ತಟ್ಟೆ ಒದೆಯೋ! ಒದ್ದು ಚೆಲ್ಲೋ ಅದನ್ನ!”

ಆ ತುದಿಯಲ್ಲಿ ತಟ್ಟೆ ನೆಲಕ್ಕೆ ಬಿದ್ದು ಗಿರಗಿರನೆ ತಿರುಗಿದ್ದು ಕೇಳಿಸಿತು. ಯಾರೋ ಕೂಗಿದರು. ಅದರ ಹಿಂದೆಯೇ ಒಂದು ಕೆಮ್ಮು. ಹೆಂಗಸಿನ ಕೆಮ್ಮು. ನಿಲ್ಲುತ್ತಿರಲಿಲ್ಲ.

ಬಾಗಿಲ ಆಚೆ ಅರ ನಿಂತಿತು. ಉಕ್ಕು ಉಕ್ಕಿಗೆ ಬಡಿದು, ಏನೋ ನೆಲದ ಮೇಲೆ ಉರುಳಿತು.

“ಇನ್ಸ್‌ಪೆಕ್ಟರಮ್ಮ” ಎಂದಳು ಅತ್ತೆಯಮ್ಮ. ಅವಳ ದನಿಯ ಶ್ರುತಿ ಮೊದಲ ಸಲ ತಪ್ಪಿತ್ತು. “ಯಾರದು... ಅಲ್ಲಿ ಕೆಮ್ಮಿದ್ದು?”